ಟೊಳ್ಳು ಟೈಲ್ಸ್‌ಗೆ ಗ್ರೌಟ್ ಮದ್ದಲ್ಲ

ಬಾತ್‌ರೂಮ್ ಟೈಲ್ಸ್ ತಟ್ಟಿದ್ರೆ ಟೊಳ್ಳು ಶಬ್ದ ಬರುತ್ತೆ, ಮೂಲೇಲಿ ನೀರು ನಿಲ್ಲುತ್ತೆ, ಕಾಂಟ್ರಾಕ್ಟರ್ ನೋಡಿದ್ರೆ ಮೇಲೆ ಗ್ರೌಟ್ ಹಾಕಿದ್ರೆ ಸರಿಹೋಗುತ್ತೆ ಅಂತಾನೆ ಅಂದ್ರಲ್ಲ, ಅದು ಸುಮ್ನೆ ಸಾಗಹಾಕೋ ಮಾತು ಸರ್. ಗ್ರೌಟ್ ಇರೋದು ಸಂದು ತುಂಬೋಕೆ ಅಷ್ಟೆ. ಟೊಳ್ಳು ಅಂದ್ರೆ ಸಾಮಾನ್ಯವಾಗಿ ಅಡಿಲಿ ಸಿಮೆಂಟ್ ಪೂರ್ತಿ ಹರಡಿಲ್ಲ, ಮೂಲೆಗೊಂದು ಮಧ್ಯಕ್ಕೊಂದು ಮುದ್ದೆ ಇಟ್ಟು ಕೂರಿಸಿಬಿಟ್ಟಿರ್ತಾರೆ. ನೀರು ನಿಲ್ಲೋದು ಇಳಿಜಾರಿನ ತಪ್ಪು, ಅದು ಕೀಳದೆ ಸರಿಹೋಗಲ್ಲ.

ಆದ್ರೆ ಈಗ್ಲೇ ಕೀಳಿಸ್ಬೇಡಿ, ಸಾಕ್ಷಿನೇ ಹೋಗ್ಬಿಡುತ್ತೆ. ಒಂದು ಕಾಯಿನ್ ತಗೊಂಡು ಒಂದೊಂದೇ ಟೈಲ್ ತಟ್ಟಿ, ಟೊಳ್ಳು ಇರೋದಕ್ಕೆ ಚಾಕ್‌ಪೀಸಲ್ಲಿ ಗುರುತು ಹಾಕಿ ಫೋಟೋ ತೆಗೀರಿ, ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತೆ ಅಂತ ವಿಡಿಯೋ ಮಾಡಿ. ಆಮೇಲೆ ಫೋನಲ್ಲಿ ಕಿರುಚಾಡೋ ಬದ್ಲು, ಇಂಥ ತಾರೀಕೊಳಗೆ ನಿಮ್ಮ ಖರ್ಚಲ್ಲೇ ಸರಿಮಾಡಿಕೊಡಿ ಅಂತ ಬರೆದು ಕಳ್ಸಿ. ಬಾಕಿ ದುಡ್ಡು ಕೊಡೋದಿದ್ರೆ ಅಗ್ರಿಮೆಂಟ್ ನೋಡ್ಕೊಂಡು ಈ ಕೆಲಸದ ಮಟ್ಟಿಗೆ ಮಾತ್ರ ತಡೆಹಿಡೀರಿ, ಎಲ್ಲಾ ತಡೆದ್ರೆ ಅವನೇ ನಿಮ್ಮ ಮೇಲೆ ತಿರುಗಿ ಬೀಳ್ತಾನೆ. ಅದಕ್ಕೂ ಬಗ್ಗದಿದ್ರೆ ಬೇರೆ ಇಂಜಿನಿಯರ್ ಹತ್ರ ರಿಪೋರ್ಟ್ ಬರೆಸ್ಕೊಂಡು ಗ್ರಾಹಕರ ದೂರು ಹಾಕಿ.

ಟೈಲ್ಸ್ ಮತ್ತೆ ಹಾಕೋಕೆ ಒಪ್ಪಿದ್ರೆ ವಾಟರ್‌ಪ್ರೂಫಿಂಗೂ, ಅಂದ್ರೆ ಟೈಲ್ ಅಡಿಲಿ ನೀರು ಸೋರದ ಹಾಗೆ ಹಾಕೋ ಪದರಾನೂ, ಹೊಸದಾಗಿ ಮಾಡ್ಬೇಕು ಅಂತ ಒಪ್ಪಿಗೆಯಲ್ಲೇ ಬರೆಸ್ಕೊಳ್ಳಿ, ಟೈಲ್ ಕೀಳುವಾಗ ಆ ಪದರ ಸಾಮಾನ್ಯವಾಗಿ ಕಿತ್ತುಹೋಗುತ್ತೆ.