4294967297 ಅವಿಭಾಜ್ಯ ಸಂಖ್ಯೆಯೇ?

ಅಲ್ಲ. ಆದರೆ ನೋಡಿದರೆ ಹಾಗೆ ಅನಿಸುವುದು ಸಹಜ. ಬೆಸ ಸಂಖ್ಯೆ, ಅಂಕಿಗಳ ಮೊತ್ತ 59, ಹಾಗಾಗಿ 3ರಿಂದಲೂ ಭಾಗವಾಗುವುದಿಲ್ಲ. ಇದು 2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ ಸಂಖ್ಯೆ. ಫರ್ಮಾ ಅಂಥ ದೊಡ್ಡ ಗಣಿತಜ್ಞರೇ ಇದನ್ನು ಅವಿಭಾಜ್ಯ ಅಂದುಕೊಂಡಿದ್ದರು!

1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದನ್ನು ಒಡೆದರು: 641 × 6700417. ಸುಮ್ನೆ ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಕೂರಬೇಕಿಲ್ಲ. ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641... ಐದನೆಯದಕ್ಕೇ ಸಿಕ್ಕಿಬಿತ್ತು, ಅಲ್ವಾ?

ಆ ಎರಡೂ ಅಪವರ್ತನಗಳು ಅವಿಭಾಜ್ಯಗಳೇ. ಆದ್ದರಿಂದ ಭಾಜಕಗಳು ಒಟ್ಟು ನಾಲ್ಕೇ: 1, ಆ ಎರಡು, ಮತ್ತು ಈ ಸಂಖ್ಯೆಯೇ.

ನನಗೆ ಜಾಸ್ತಿ ಇಷ್ಟವಾದ ಗುಣ ಬೇರೆ. ಇದನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ರೀತಿ ಬರೆಯಬಹುದು: 65536² + 1², 62264² + 20449². ಅವಿಭಾಜ್ಯವಾಗಿದ್ದರೆ ಎರಡನೇ ರೀತಿ ಇರುತ್ತಲೇ ಇರಲಿಲ್ಲ.