ವಿಮಾನಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವ ಸುದ್ದಿ ಬಂದರೆ ಪೈಲಟ್‌ಗಳು ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ?

ಸುಮ್ನೆ ಹರಟೆ ಅಲ್ಲ, ಸಂಬಳದ ಮಾತು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಯಾವ ವಿಮಾನ ಯಾರಿಗೆ ಅನ್ನೋದು ಸೀನಿಯಾರಿಟಿ ಮೇಲೆ, ಅಂದರೆ ಯಾರು ಮೊದಲು ಕೆಲಸಕ್ಕೆ ಸೇರಿದರು ಅನ್ನೋದರ ಮೇಲೆ ನಿಂತಿದೆ. ಸಾಮಾನ್ಯವಾಗಿ ವಿಮಾನ ದೊಡ್ಡದಾದಷ್ಟೂ ಗಂಟೆಯ ಸಂಬಳ ಜಾಸ್ತಿ. ಹೊಸ ವಿಮಾನಗಳು ಬಂದರೆ ಕ್ಯಾಪ್ಟನ್ ಆಗುವ ದಾರಿ ತೆರೆಯುತ್ತದೆ. ಇದ್ದದ್ದು ಹೋದರೆ ಮತ್ತೆ ತರಬೇತಿ, ಕೆಲವೊಮ್ಮೆ ಊರೇ ಬದಲು.

ಒಂದು ನಿಜವಾದ ಉದಾಹರಣೆ ನೋಡಿ. 2011ರಲ್ಲಿ ಅಮೆರಿಕದ ಸೌತ್‌ವೆಸ್ಟ್ ವಿಮಾನ ಕಂಪನಿ ಏರ್‌ಟ್ರಾನ್ ಅನ್ನೋ ಇನ್ನೊಂದು ವಿಮಾನ ಕಂಪನಿಯನ್ನು ಕೊಂಡಿತು. ಅದರ ಜೊತೆ ಬೋಯಿಂಗ್ 717 ಮಾದರಿಯ ವಿಮಾನಗಳೂ ಬಂದವು. ಬರೀ ಬೋಯಿಂಗ್ 737 ಮಾದರಿಯನ್ನೇ ನಂಬಿಕೊಂಡ ಕಂಪನಿಗೆ ಇವು ಹೊರೆ: ಬೇರೆ ತರಬೇತಿ, ಬೇರೆ ಬಿಡಿಭಾಗ. ಮರುವರ್ಷವೇ ಇಂಥ 88 ವಿಮಾನಗಳನ್ನು ಡೆಲ್ಟಾ ಅನ್ನೋ ಮತ್ತೊಂದು ವಿಮಾನ ಕಂಪನಿಗೆ ಲೀಸ್‌ಗೆ ಕೊಡಲು ಒಪ್ಪಂದವಾಯಿತು. ವಿಮಾನಗಳು ಹೋದವು, ಅವನ್ನು ಹಾರಿಸುತ್ತಿದ್ದ ಪೈಲಟ್‌ಗಳು ಜೊತೆಗೆ ಹೋಗಲಿಲ್ಲ. ಅವರು 737 ಕಲಿಯಬೇಕಾಯಿತು. ಪೈಲಟ್‌ಗಳಿಗೆ ಇಂಥದ್ದನ್ನು ಮೊದಲೇ ಊಹಿಸಬೇಕು ಅನ್ನಿಸೋದು ಸಹಜ ಅಲ್ವಾ?