ಮಾರ್ಮನ್ ಸಭೆಯ ಕ್ರಿಸ್ತಚಿತ್ರವನ್ನು ನೋಡಿ ಕೆಲವರು ಅಳುವುದೇಕೆ, ಕೆಲವರು ಮುನಿಯುವುದೇಕೆ?

ನಿಮ್ಮ ಅಮೆರಿಕನ್ ಸಹೋದ್ಯೋಗಿ, ಮಾರ್ಮನ್ ಎಂಬ ಅಮೆರಿಕದ ಧಾರ್ಮಿಕ ಸಭೆ ಕ್ರಿಸ್ತನ ಬಗ್ಗೆ ಮಾಡಿಸಿದ ‘ದಿ ಟೆಸ್ಟಮೆಂಟ್ಸ್ ಆಫ್ ಒನ್ ಫೋಲ್ಡ್ ಅಂಡ್ ಒನ್ ಶೆಫರ್ಡ್’ ಚಿತ್ರದ ಕೊಂಡಿ ಕಳಿಸಿ, ತಮ್ಮ ಮನೆಯಲ್ಲಿ ಅದನ್ನು ಹಾಕಿದಾಗಲೆಲ್ಲ ಎಲ್ಲರ ಕಣ್ಣೂ ತುಂಬಿಬರುತ್ತದೆ ಎಂದಿದ್ದಾರೆ. ಆ ಕೊಂಡಿಯನ್ನೇ ನಿಮ್ಮ ಪ್ರೊಟೆಸ್ಟೆಂಟ್ ಗೆಳೆಯರಿಗೆ ಕಳಿಸಿದರೆ ಅವರು ಅರ್ಧಕ್ಕೇ ನಿಲ್ಲಿಸಿ, ಇದು ನಾವು ಆರಾಧಿಸುವ ಕ್ರಿಸ್ತನೇ ಅಲ್ಲ ಎಂದುಬಿಟ್ಟರು. ಒಂದೇ ಚಿತ್ರಕ್ಕೆ ಇಷ್ಟು ಬೇರೆ ಬೇರೆ ಪ್ರತಿಕ್ರಿಯೆ ಏಕೆ, ಚಿತ್ರ ನೋಡಿದ ಮೇಲೆ ಸಹೋದ್ಯೋಗಿಗೆ ಏನು ಹೇಳಬೇಕು ಎಂದು ನೀವು ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಪರಂಪರೆಯ ಸಭೆಯಲ್ಲಿ ಬೆಳೆದವನು. ಕೆಲಸದ ನಿಮಿತ್ತ ಕೆಲವು ವರ್ಷ ಯೂಟಾ ರಾಜ್ಯದಲ್ಲಿದ್ದಾಗ ಈ ಚಿತ್ರವನ್ನು ಅದರ ಮೂಲ ಚಿತ್ರಮಂದಿರದಲ್ಲೇ, ಮಾರ್ಮನ್ ಗೆಳೆಯರ ಜೊತೆ ಕೂತು ನೋಡಿದ್ದೇನೆ. ಹಾಗಾಗಿ ಎರಡೂ ಕಡೆಯವರ ಮಾತು ನನಗೆ ಹತ್ತಿರದಿಂದ ಗೊತ್ತು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಾರ್ಮನ್ ನಂಬಿಕೆಯಲ್ಲಿ ಕಣ್ಣೀರಿಗೆ ಪ್ರಮಾಣದ ಸ್ಥಾನವಿದೆ. ಪ್ರಾರ್ಥನೆಯ ಹೊತ್ತಿನಲ್ಲಿ, ಶಾಸ್ತ್ರ ಓದುವಾಗ, ಇಂಥದೊಂದು ಚಿತ್ರ ನೋಡುವಾಗ ಎದೆ ತುಂಬಿಬಂದರೆ ಅದನ್ನು ಪವಿತ್ರಾತ್ಮನ ಸಾಕ್ಷಿ ಎಂದು ಅವರು ಗ್ರಹಿಸುತ್ತಾರೆ. ಹೊರಗಿನ ಕ್ರೈಸ್ತರು ಅದೇ ಕಣ್ಣೀರನ್ನು ಸಂಗೀತ, ಬೆಳಕು, ನಟನೆಗಳು ತರಿಸಿದ್ದು ಎಂದು ಎಣಿಸಿ, ಕಥೆ ನಿಜವೋ ಅಲ್ಲವೋ ಎಂಬುದನ್ನು ಬೇರೆ ಕಡೆ ಹುಡುಕುತ್ತಾರೆ. ಚಿತ್ರದ ಬಗ್ಗೆ ನಡೆಯುವ ಜಗಳದಲ್ಲಿ ಬಹುಪಾಲು ಹುಟ್ಟುವುದು ಈ ಒಂದು ಭೇದದಿಂದ.

ಚಿತ್ರದ ಹಿನ್ನೆಲೆ ತುಸು ಗೊತ್ತಿದ್ದರೆ ಒಳ್ಳೆಯದು. ಇದನ್ನು ಮಾಡಿಸಿದ್ದು ಮಾರ್ಮನ್ ಸಭೆ ಎಂದು ಲೋಕ ಕರೆಯುವ, ತನ್ನನ್ನು ತಾನು ಯೇಸು ಕ್ರಿಸ್ತನ ಅಂತಿಮ ದಿನಗಳ ಸಂತರ ಸಭೆ ಎಂದು ಕರೆದುಕೊಳ್ಳುವ ಸಂಸ್ಥೆಯೇ. ನಿರ್ದೇಶಕ ಕೀತ್ ಮೆರಿಲ್. 1973ರ ಸಾಕ್ಷ್ಯಚಿತ್ರವೊಂದಕ್ಕೆ ಆಸ್ಕರ್ ಪಡೆದವರು. 70 ಎಂಎಂ ಫಿಲ್ಮಿನಲ್ಲಿ ತೆಗೆದ ಈ ಚಿತ್ರ 2000ದಲ್ಲಿ ಸಾಲ್ಟ್ ಲೇಕ್ ಸಿಟಿಯ ಲೆಗಸಿ ಥಿಯೇಟರಿನಲ್ಲಿ ತೆರೆಗೆ ಬಂದು, 2005ರವರೆಗೆ ಅಲ್ಲಿ ಓಡಿತು. ಆ ಥಿಯೇಟರ್ ಇದ್ದದ್ದು ಹಳೆಯ ಹೋಟೆಲ್ ಯೂಟಾ ಕಟ್ಟಡದಲ್ಲಿ, ಸಭೆಯ ಪ್ರಧಾನ ದೇವಾಲಯಕ್ಕೆ ಹೊಂದಿಕೊಂಡ ಬೀದಿಯಲ್ಲಿ. ಪ್ರವೇಶ ಉಚಿತ. ಅಂದರೆ ಊರು ನೋಡಲು ಬಂದ ಪ್ರವಾಸಿಗಳೂ, ದೂರದಿಂದ ಯಾತ್ರೆಯಂತೆ ಬಂದ ಸದಸ್ಯರೂ ಒಂದೇ ಸಾಲಿನಲ್ಲಿ ಕೂತು ನೋಡುತ್ತಿದ್ದರು.

ಕಥೆ ನಡೆಯುವುದು ಎರಡು ನೆಲಗಳಲ್ಲಿ. ಒಂದು, ನಮಗೆಲ್ಲ ಪರಿಚಿತವಾದ ಗಲಿಲಾಯ ಮತ್ತು ಯೆರೂಸಲೇಮ್. ಇನ್ನೊಂದು, ಅದೇ ಕಾಲದ ಅಮೆರಿಕ ಖಂಡ. ಮೆಟ್ಟಿಲು ಗೋಪುರಗಳು, ಗರಿಯ ಕಿರೀಟಗಳು, ದಟ್ಟ ಕಾಡು ಇರುವ, ಮಾಯಾ ನಾಗರಿಕತೆಯನ್ನು ನೆನಪಿಸುವ ನಗರ. ಅಲ್ಲಿ ಹೇಲಮ್ ಎಂಬ ಶಿಲ್ಪಿಯಿದ್ದಾನೆ. ಮೆಸ್ಸೀಯನು, ಅಂದರೆ ದೇವರು ಕಳಿಸುವುದಾಗಿ ಹೇಳಿದ ರಕ್ಷಕನು, ಹುಟ್ಟಿದಾಗ ಆಕಾಶದಲ್ಲಿ ಕಂಡ ಗುರುತನ್ನು ಬಾಲ್ಯದಲ್ಲಿ ಕಣ್ಣಾರೆ ನೋಡಿದ ಆತ, ಒಂದು ದಿನ ಆ ಮೆಸ್ಸೀಯನೇ ತಮ್ಮ ಜನರ ನಡುವೆ ಬರುತ್ತಾನೆಂದು ಮುಪ್ಪಿನವರೆಗೂ ಕಾಯುತ್ತಾನೆ. ಮಗ ಯಾಕೋಬನಿಗೆ ಆ ಕಾಯುವಿಕೆಯಲ್ಲಿ ನಂಬಿಕೆಯಿಲ್ಲ. ಅಧಿಕಾರದ ಹಸಿವಿನ ಕೊಹೋರ್ ಎಂಬವನ ಮಾತಿಗೆ ಮರುಳಾಗಿ ತಂದೆಯಿಂದ ದೂರವಾಗುತ್ತಾನೆ. ಕ್ರಿಸ್ತನು ಯೆರೂಸಲೇಮಿನಲ್ಲಿ ಪ್ರಾಣ ಬಿಡುವಾಗ ಇಲ್ಲಿ ಭೂಮಿ ಬಿರಿದು ನಗರಗಳು ಉರುಳುತ್ತವೆ, ಕತ್ತಲೆ ಕವಿಯುತ್ತದೆ. ಕೊನೆಗೆ ಪುನರುತ್ಥಾನಗೊಂಡ ಕ್ರಿಸ್ತನು ಈ ಜನರ ನಡುವೆ ಇಳಿದು ಬರುವ ಹೊತ್ತಿಗೆ ಹೇಲಮ್ ಕಣ್ಣು ಕಳೆದುಕೊಂಡಿರುತ್ತಾನೆ. ಬದುಕಿಡೀ ಯಾರ ಮುಖವನ್ನು ನೋಡಬೇಕೆಂದು ಕಾದಿದ್ದನೋ ಅವನು ಎದುರಿಗೆ ಬಂದು ನಿಂತರೂ ಕಾಣಲಾರದ ಸ್ಥಿತಿ. ಕ್ರಿಸ್ತನು ಅವನ ಬಳಿಗೆ ಬಂದು ಕಣ್ಣು ಮುಟ್ಟುತ್ತಾನೆ. ದೃಷ್ಟಿ ಮರಳಿದ ಹೇಲಮನಿಗೆ ಮೊದಲು ಕಾಣುವುದು ಆ ಮುಖ.

ಥಿಯೇಟರಿನಲ್ಲಿ ನನ್ನ ಸುತ್ತ ಕೂತಿದ್ದವರೆಲ್ಲರೂ ಅತ್ತದ್ದು ಈ ದೃಶ್ಯಕ್ಕೇ. ಪಕ್ಕದಲ್ಲಿದ್ದ ವಯಸ್ಸಾದ ಮಹಿಳೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಒರೆಸಿಕೊಳ್ಳುವ ಗೊಡವೆಗೂ ಹೋಗದೆ ತೆರೆಯನ್ನೇ ನೋಡುತ್ತಿದ್ದರು. ದೀಪ ಹತ್ತಿದ ಮೇಲೂ ಬಹಳ ಜನ ಏಳಲಿಲ್ಲ. ಚಪ್ಪಾಳೆ ಇಲ್ಲ, ಗುಸುಗುಸು ಮಾತಿಲ್ಲ. ಆರಾಧನೆ ಮುಗಿದ ಮೇಲೆ ಸಭೆಯಲ್ಲಿ ಇರುವಂಥ ಮೌನ. ನನಗೂ ಗಂಟಲು ಕಟ್ಟಿತ್ತು. ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ಏಕೆಂದರೆ ಕಾದು ಕಾದು ಕುರುಡಾದ ಭಕ್ತನಿಗೆ ದೇವರೇ ನಡೆದುಬಂದು ದರ್ಶನ ಕೊಡುವ ಕಥೆಗೆ ಕರಗದಿರುವುದು ಯಾವ ಸಂಪ್ರದಾಯದಲ್ಲಿ ಬೆಳೆದವರಿಗೂ ಕಷ್ಟ.

ಹೊರಗೆ ಬಂದ ಮೇಲೆ ನನ್ನ ಗೆಳೆಯ ಕೇಳಿದ್ದು, ಚಿತ್ರ ಹೇಗಿತ್ತು ಎಂದಲ್ಲ. ನಿನಗೇನು ಅನ್ನಿಸಿತು ಎಂದು. ಈ ಪ್ರಶ್ನೆಯ ಹಿಂದೆ ಒಂದು ಇಡೀ ನಂಬಿಕೆಯ ಕ್ರಮವಿದೆ ಎಂಬುದು ಆಮೇಲೆ ಅವರ ಗ್ರಂಥಗಳನ್ನು ಓದಿದಾಗ ತಿಳಿಯಿತು. ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾದಲ್ಲಿ ಪ್ರಕಟಿಸಿದ, ಪ್ರಾಚೀನ ಅಮೆರಿಕದ ಜನರ ಕಥೆ ಹೇಳುವ ‘ಬುಕ್ ಆಫ್ ಮಾರ್ಮನ್’ ಎಂಬ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಓದುಗನಿಗೆ ಒಂದು ಆಹ್ವಾನವಿದೆ: ಇದು ಸತ್ಯವೋ ಎಂದು ಪ್ರಾಮಾಣಿಕ ಹೃದಯದಿಂದ ದೇವರನ್ನೇ ಕೇಳು, ಪವಿತ್ರಾತ್ಮನ ಮೂಲಕ ಆತ ನಿನಗೆ ತಿಳಿಸುತ್ತಾನೆ. ಇನ್ನೊಂದು ಗ್ರಂಥದಲ್ಲಿ, ವಿಷಯ ಸರಿಯಾಗಿದ್ದರೆ ನಿನ್ನ ಎದೆ ಒಳಗೇ ಸುಡುವಂತಾಗುತ್ತದೆ ಎಂಬ ಮಾತಿದೆ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಸದಸ್ಯರು ಉಪವಾಸವಿದ್ದು, ಸಭೆಯಲ್ಲಿ ಒಬ್ಬೊಬ್ಬರಾಗಿ ಎದ್ದುನಿಂತು ಸಾಕ್ಷಿ ಹೇಳುತ್ತಾರೆ. ಆಗ ಗಂಟಲು ನಡುಗುವುದು, ಕಣ್ಣು ತುಂಬುವುದು ಅಲ್ಲಿ ದಿನನಿತ್ಯದ ಸಂಗತಿ. ಚಿಕ್ಕಂದಿನಿಂದ ಇದರಲ್ಲಿ ಬೆಳೆದವರು ಕತ್ತಲೆಯ ಹಾಲಿನಲ್ಲಿ ಹೇಲಮನ ಕಣ್ಣು ತೆರೆಯುವುದನ್ನು ನೋಡಿ ಎದೆ ಬಿಸಿಯಾದಾಗ, ಅದನ್ನು ಸಿನಿಮಾದ ಪರಿಣಾಮ ಎಂದು ಬದಿಗಿಡುವುದಿಲ್ಲ. ತಾವು ನಂಬಿದ್ದು ನಿಜವೆಂಬ ಉತ್ತರ ಮತ್ತೊಮ್ಮೆ ಬಂತು ಎಂದೇ ತಿಳಿಯುತ್ತಾರೆ. ಆದ್ದರಿಂದ ನಿಮ್ಮ ಸಹೋದ್ಯೋಗಿ ‘ನಾವೆಲ್ಲ ಅತ್ತೆವು’ ಎಂದಾಗ ಅವರು ನಿಮಗೆ ಚಿತ್ರವಿಮರ್ಶೆ ಹೇಳುತ್ತಿಲ್ಲ, ತಮ್ಮ ನಂಬಿಕೆಯ ಅತ್ಯಂತ ಖಾಸಗಿ ಭಾಗವನ್ನು ತೆರೆದು ತೋರಿಸುತ್ತಿದ್ದಾರೆ.

ಇನ್ನು ನಿಮ್ಮ ಪ್ರೊಟೆಸ್ಟೆಂಟ್ ಗೆಳೆಯರ ಮುನಿಸು. ಅದನ್ನು ಅಸಹನೆ ಎಂದು ತಳ್ಳಿಹಾಕಬೇಡಿ, ಅದಕ್ಕೂ ಗಟ್ಟಿ ಕಾರಣಗಳಿವೆ. ಚಿತ್ರದ ಹೆಸರಿಗೆ ಮೂಲವಾದ ವಾಕ್ಯ ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಈ ಹಟ್ಟಿಗೆ ಸೇರದ ಬೇರೆ ಕುರಿಗಳೂ ತನಗಿವೆ, ಕೊನೆಗೆ ಹಟ್ಟಿ ಒಂದೇ, ಕುರುಬ ಒಬ್ಬನೇ ಆಗುವುದು ಎಂದು ಯೇಸು ಹೇಳುವ ಮಾತು. ನಮ್ಮ ಸಭೆಗಳಲ್ಲಿ ಆ ಬೇರೆ ಕುರಿಗಳೆಂದರೆ ಯೆಹೂದ್ಯರಲ್ಲದ ಅನ್ಯಜನರು, ಅಂದರೆ ನಾವು ನೀವು ಎಂದು ಬೋಧಿಸುತ್ತಾರೆ. ಮಾರ್ಮನ್ ಗ್ರಂಥದಲ್ಲಿ ಕ್ರಿಸ್ತನೇ ಅಮೆರಿಕದ ಜನರಿಗೆ, ಆ ಮಾತು ನಿಮ್ಮನ್ನು ಕುರಿತದ್ದು ಎನ್ನುತ್ತಾನೆ. ಅಲ್ಲಿಗೆ ಸತ್ಯವೇದದ ಜೊತೆಗೆ ಇನ್ನೊಂದು ಶಾಸ್ತ್ರವನ್ನು ಒಪ್ಪಬೇಕೋ ಬೇಡವೋ ಎಂಬ ಪ್ರಶ್ನೆ ಎದುರಾಗುತ್ತದೆ. ಒಪ್ಪದವರಿಗೆ ಚಿತ್ರದ ಕೊನೆಯ ಭಾಗ ಬರಿಯ ಕಲ್ಪನೆ, ಅದೂ ತಮ್ಮ ರಕ್ಷಕನ ಬಾಯಲ್ಲಿ ಹೊಸ ಮಾತು ತುರುಕಿದ ಕಲ್ಪನೆ. ದೇವರ ಸ್ವರೂಪದಲ್ಲಿಯೂ ಭೇದವಿದೆ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ನಡೆದ ಧರ್ಮಸಮ್ಮೇಳನದಿಂದ ಬಂದ ತ್ರಿಯೇಕತ್ವದ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ಬೋಧನೆಯನ್ನು ಮಾರ್ಮನ್ ಸಭೆ ಒಪ್ಪುವುದಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಬೇರೆ ಬೇರೆ ವ್ಯಕ್ತಿಗಳು, ತಂದೆಗೂ ದೇಹವಿದೆ ಎಂಬುದು ಅದರ ಬೋಧನೆ. ಇದೇ ಕಾರಣಕ್ಕೆ ಆ ಸಭೆಯ ದೀಕ್ಷಾಸ್ನಾನ ಸಿಂಧುವಲ್ಲ ಎಂದು ಕ್ಯಾಥೊಲಿಕ್ ಸಭೆ 2001ರಲ್ಲಿ ತೀರ್ಪು ಕೊಟ್ಟಿತು. ಚಿತ್ರದಲ್ಲಿ ಈ ಯಾವ ವಾದವೂ ಬಾಯಿಬಿಟ್ಟು ಬರುವುದಿಲ್ಲ. ಹಾಗೆ ಬಾರದಿರುವುದೇ ಕೆಲವರನ್ನು ಇನ್ನಷ್ಟು ಕೆರಳಿಸುತ್ತದೆ. ಭೇದಗಳನ್ನು ಮುಚ್ಚಿಟ್ಟು ಭಾವನೆಯ ಬಾಗಿಲಿನಿಂದ ಒಳಗೆ ಕರೆದುಕೊಳ್ಳುತ್ತಾರೆ ಎಂಬುದು ಅವರ ದೂರು. ಈ ದೂರಿನಲ್ಲಿ ಹುರುಳಿದೆ ಎಂದು ನನಗೂ ಅನಿಸುತ್ತದೆ. ಹಾಗೆಂದು ಮಾಡಿದವರ ಉದ್ದೇಶ ಮೋಸ ಎನ್ನಲಾರೆ. ಅವರಿಗೆ ಅವರ ಕ್ರಿಸ್ತನೇ ಕ್ರಿಸ್ತ.

ಮೂರನೆಯ ಬಗೆಯ ವೀಕ್ಷಕರೂ ಇದ್ದಾರೆ, ಅವರ ಮಾತು ಈ ಇಬ್ಬರ ಗದ್ದಲದಲ್ಲಿ ಕೇಳಿಸುವುದೇ ಕಡಿಮೆ. ಇತಿಹಾಸ, ಪುರಾತತ್ವ ಬಲ್ಲವರು ಚಿತ್ರದ ನಗರವನ್ನು ನೋಡುತ್ತಲೇ ಹುಬ್ಬು ಗಂಟಿಕ್ಕುತ್ತಾರೆ. ಬುಕ್ ಆಫ್ ಮಾರ್ಮನ್ ಹೇಳುವ ಕುದುರೆ, ಉಕ್ಕು, ರಥಗಳು ಆ ಕಾಲದ ಅಮೆರಿಕದಲ್ಲಿ ಇದ್ದವೆಂಬುದಕ್ಕೆ ಉತ್ಖನನಗಳಲ್ಲಿ ಆಧಾರ ಸಿಕ್ಕಿಲ್ಲ. ಘಟನೆಗಳು ಎಲ್ಲಿ ನಡೆದವು ಎಂಬ ಬಗ್ಗೆ ಸಭೆಯೂ ಅಧಿಕೃತ ನಿಲುವು ತಳೆದಿಲ್ಲ. ಆದರೂ ತೆರೆಯ ಮೇಲೆ ಒಮ್ಮೆ ಮಾಯಾ ಶೈಲಿಯ ಗೋಪುರವನ್ನು ಕಟ್ಟಿ ತೋರಿಸಿದರೆ ನೋಡುಗನ ತಲೆಯಲ್ಲಿ ಅದೇ ನಕ್ಷೆಯಾಗಿ ಉಳಿಯುತ್ತದೆ. ಚಿತ್ರ ಬಂದ ಕಾಲಕ್ಕೆ ಆ ಗ್ರಂಥದ ಮುನ್ನುಡಿಯಲ್ಲಿ, ಅದರ ಒಂದು ಜನಾಂಗವೇ ಅಮೆರಿಕದ ಮೂಲನಿವಾಸಿಗಳ ಮುಖ್ಯ ಪೂರ್ವಜರು ಎಂದಿತ್ತು. ಮುಂದೆ 2006ರ ಮುದ್ರಣದಿಂದ ಅದು ಪೂರ್ವಜರಲ್ಲಿ ಸೇರಿದವರು ಎಂದು ಬದಲಾಯಿತು. ಇಲ್ಲಿ ಮೂಲನಿವಾಸಿಗಳೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಆ ಸಭೆಯ ಸದಸ್ಯರಾದ ಕೆಲವರಿಗೆ, ತಮ್ಮ ಹಿರಿಯರ ನೆಲಕ್ಕೆ ಕ್ರಿಸ್ತನು ಸ್ವತಃ ಬಂದಿದ್ದನೆಂಬುದು ದೊಡ್ಡ ಹೆಮ್ಮೆ. ಇತರರಿಗೆ, ತಮ್ಮ ಪೂರ್ವಜರು ಕಟ್ಟಿದ ಗೋಪುರಗಳನ್ನು ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿನ ಕಥೆಯೊಂದಕ್ಕೆ ರಂಗಸಜ್ಜಿಕೆಯಾಗಿಸಿದ ನೋವು. ಈ ನೋವಿಗೆ ಚಿತ್ರದಲ್ಲಿ ಜಾಗವೇ ಇಲ್ಲ ಎಂಬುದು ನನ್ನ ದೊಡ್ಡ ಆಕ್ಷೇಪ.

ಕ್ರಿಸ್ತನ ರೂಪದ ಬಗ್ಗೆಯೂ ನೀವು ಕೇಳಿದ್ದೀರಿ, ‘ಯಾಕೆ ಯುರೋಪಿನವನ ಹಾಗೆ ಇದ್ದಾನೆ’ ಎಂದು. ಪಾತ್ರ ಮಾಡಿದ ತೋಮಸ್ ಕೊಫೋಡ್ ಡೆನ್ಮಾರ್ಕಿನವರು. ಚಿತ್ರದ ಹಲವು ದೃಶ್ಯಗಳ ಸಂಯೋಜನೆ ಕೂಡ ಡೆನ್ಮಾರ್ಕಿನ ಚಿತ್ರಕಾರ ಕಾರ್ಲ್ ಬ್ಲಾಕ್ ಅವರನ್ನು ನೆನಪಿಸುತ್ತದೆ. ಫ್ರೆಡೆರಿಕ್ಸ್‌ಬೋರ್ಗ್ ಅರಮನೆಯ ಪ್ರಾರ್ಥನಾಮಂದಿರಕ್ಕಾಗಿ 1865ರಿಂದ ಮುಂದೆ ಅವರು ಬರೆದ ಕ್ರಿಸ್ತನ ಜೀವನದ 23 ಚಿತ್ರಗಳನ್ನು ಮಾರ್ಮನ್ ಸಭೆ ತನ್ನ ಪುಸ್ತಕ, ಪತ್ರಿಕೆಗಳಲ್ಲಿ ದಶಕಗಳಿಂದ ಬಳಸುತ್ತ ಬಂದಿದೆ. ಅವರ ಮನೆಗಳಲ್ಲಿ ಆ ಚಿತ್ರಗಳ ಪ್ರತಿ ತೂಗುಹಾಕಿರುವುದನ್ನು ನಾನು ನೋಡಿದ್ದೇನೆ. ಹೀಗೆ ಬೆಳೆದವರಿಗೆ ತೆರೆಯ ಮೇಲಿನ ಕ್ರಿಸ್ತ ಹೊಸಬನಾಗಿ ಕಾಣುವುದಿಲ್ಲ. ಗೋಡೆಯ ಮೇಲಿದ್ದವನೇ ಇಳಿದು ನಡೆಯುತ್ತಾನೆ. ನಮ್ಮಲ್ಲಿ ರವಿವರ್ಮನ ಮುದ್ರಣಗಳ ಸರಸ್ವತಿಯನ್ನು ನೋಡಿ ಬೆಳೆದವರು ಸರಸ್ವತಿ ಹಾಗೆಯೇ ಇರುತ್ತಾಳೆ ಎಂದುಕೊಂಡಂತೆ. ಆದರೆ ಯೂಟಾದಲ್ಲೇ ಇರುವ ನವಾಹೋ ಎಂಬ ಮೂಲನಿವಾಸಿ ಬುಡಕಟ್ಟಿನ ಅಥವಾ ಮೆಕ್ಸಿಕೋ ಮೂಲದ ನೋಡುಗನಿಗೆ, ತಮ್ಮವರ ನಡುವೆ ಇಳಿದುಬಂದ ದೇವರು ಏಕೆ ಉತ್ತರ ಯುರೋಪಿನ ಮುಖ ಹೊತ್ತಿದ್ದಾನೆ ಎಂಬ ಪ್ರಶ್ನೆ ಏಳದೆ ಇರಲಾರದು.

ಇನ್ನೊಂದು ಸಂಗತಿ ಯಾರೂ ಹೆಚ್ಚಾಗಿ ಎತ್ತುವುದಿಲ್ಲ, ನನಗೆ ಮಾತ್ರ ಬಹಳ ಮುಖ್ಯವೆನಿಸುತ್ತದೆ. ಮಾರ್ಮನ್ ಪ್ರಾರ್ಥನಾಮಂದಿರಗಳಲ್ಲಿ ಶಿಲುಬೆ ಇರುವುದಿಲ್ಲ. ಸತ್ತ ಕ್ರಿಸ್ತನಿಗಿಂತ ಬದುಕಿರುವ ಕ್ರಿಸ್ತನನ್ನು ಸಾರಬೇಕೆಂಬುದು ಅವರ ವಿವರಣೆ. ಪಾಪನಿವಾರಣೆಯ ಯಾತನೆ ಶಿಲುಬೆಯ ಮೇಲಿನಷ್ಟೇ, ಬಂಧನಕ್ಕೆ ಮೊದಲು ಯೇಸು ಪ್ರಾರ್ಥಿಸಿದ ಗೆತ್ಸೆಮನೆಯ ತೋಟದಲ್ಲೂ ನಡೆಯಿತು ಎಂದು ಅವರು ಒತ್ತಿಹೇಳುತ್ತಾರೆ. ಈ ಚಿತ್ರದ ಭಾರವೆಲ್ಲ ಶಿಲುಬೆಯ ಆಚೆಗಿನ ದರ್ಶನದ ಮೇಲೆ ಬಿದ್ದಿರುವುದು ಇದಕ್ಕೇ. ಶುಭ ಶುಕ್ರವಾರದಂದು ಮೂರು ಗಂಟೆ ಶಿಲುಬೆಯ ಏಳು ಮಾತುಗಳನ್ನು ಧ್ಯಾನಿಸುತ್ತ ಬೆಳೆದ ನನಗೆ, ಅಲ್ಲಿ ಏನೋ ಕೊರತೆಯಾಯಿತು ಎಂಬ ಭಾವ ಉಳಿದದ್ದು ನಿಜ. ಕೆಲವು ವರ್ಷಗಳ ನಂತರ, 2004ರಲ್ಲಿ, ಕ್ರಿಸ್ತನ ಕೊನೆಯ ಗಂಟೆಗಳನ್ನು ರಕ್ತಮಯವಾಗಿ ತೋರಿಸಿದ ಹಾಲಿವುಡ್ ಚಿತ್ರವನ್ನು ನಮ್ಮ ಕಡೆಯವರು ಸಾಲುಗಟ್ಟಿ ನೋಡಿದರೆ, ನನ್ನ ಮಾರ್ಮನ್ ಗೆಳೆಯರು ಅದರ ಹಿಂಸೆಗೆ ಕೊಟ್ಟ, ಮಕ್ಕಳು ದೊಡ್ಡವರ ಜೊತೆಗಲ್ಲದೆ ನೋಡಬಾರದೆನ್ನುವ ‘ಆರ್’ ಪ್ರಮಾಣಪತ್ರದ ಕಾರಣಕ್ಕೇ ದೂರ ಉಳಿದರು. ಯಾವುದನ್ನು ನೋಡಿ ಅಳಬೇಕು ಎಂಬುದನ್ನೂ ಸಭೆಯೇ ಕಲಿಸಿರುತ್ತದೆ.

ನೀವು ಬೆಂಗಳೂರಿನಲ್ಲಿದ್ದೀರಿ ಎಂದು ಬರೆದಿದ್ದೀರಿ. ಆ ಸಭೆ ಭಾರತದ ತನ್ನ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿ, 2020ರ ಡಿಸೆಂಬರ್‌ನಲ್ಲಿ ಕಾಮಗಾರಿ ಆರಂಭಿಸಿತು. ಆದ್ದರಿಂದ ಇಂಥ ಸಂಭಾಷಣೆ ನಿಮಗೆ ಇದೊಂದೇ ಬಾರಿ ಎದುರಾಗಲಿಕ್ಕಿಲ್ಲ.

ಚಿತ್ರವನ್ನು ಖಂಡಿತ ನೋಡಿ, ಆದರೆ ಅದಕ್ಕೂ ಮೊದಲು ಎರಡು ಪಠ್ಯಗಳನ್ನು ಓದಿಕೊಳ್ಳಿ: ಯೋಹಾನನ ಸುವಾರ್ತೆಯ 10ನೇ ಅಧ್ಯಾಯ, ಮತ್ತು ಬುಕ್ ಆಫ್ ಮಾರ್ಮನ್‌ನ ‘ಮೂರನೇ ನೀಫೈ’ ಭಾಗದ 8ರಿಂದ 17ನೇ ಅಧ್ಯಾಯಗಳು. ವಿನಾಶ, ಕತ್ತಲೆ, ಕ್ರಿಸ್ತನ ಇಳಿದುಬರುವಿಕೆ, ಜನರು ಒಬ್ಬೊಬ್ಬರಾಗಿ ಅವನ ಗಾಯಗಳನ್ನು ಮುಟ್ಟಿ ನೋಡುವುದು, ಕಾಯಿಲೆಯವರನ್ನು ಗುಣಪಡಿಸುವುದು, ಮಕ್ಕಳನ್ನು ಆಶೀರ್ವದಿಸುವುದು ಎಲ್ಲವೂ ಅಲ್ಲಿವೆ. ಹೇಲಮನ ಕುಟುಂಬ ಮಾತ್ರ ಚಿತ್ರಕ್ಕಾಗಿ ಹೆಣೆದದ್ದು. ಗ್ರಂಥದಲ್ಲಿ ಇರುವುದು ಯಾವುದು, ನಿರ್ದೇಶಕ ಸೇರಿಸಿದ್ದು ಯಾವುದು ಎಂಬುದು ತಿಳಿದಿದ್ದರೆ ನಿಮ್ಮ ಅಭಿಪ್ರಾಯ ನಿಮ್ಮದೇ ಆಗಿರುತ್ತದೆ. ನೋಡಿದ ಮೇಲೆ ಸಹೋದ್ಯೋಗಿಗೆ ಹೊಗಳಿಕೆಯ ಸುಳ್ಳನ್ನೂ ಹೇಳಬೇಡಿ, ಪುರಾತತ್ವದ ಪಟ್ಟಿಯನ್ನೂ ಮೊದಲ ಮಾತಿಗೇ ಮುಂದಿಡಬೇಡಿ. ಮನಸ್ಸು ಕರಗಿದ್ದರೆ ಎಲ್ಲಿ ಕರಗಿತು ಎಂದು ಹೇಳಿ, ಒಪ್ಪಲಾಗದ್ದನ್ನು ಒಪ್ಪಲಾಗಲಿಲ್ಲ ಎಂದು ನೇರವಾಗಿ ಹೇಳಿ. ನಾನು ನನ್ನ ಗೆಳೆಯನಿಗೆ ಹಾಗೆಯೇ ಹೇಳಿದೆ, ಅವನು ಬೇಸರಿಸಿಕೊಳ್ಳಲಿಲ್ಲ. ಮುಂದಿನ ವಾರ ಅವನೇ ನನ್ನ ಜೊತೆ ನಮ್ಮ ಆರಾಧನೆಗೆ ಬಂದು, ಶಿಲುಬೆಯ ಬಗ್ಗೆ ನೂರೆಂಟು ಪ್ರಶ್ನೆ ಕೇಳಿದ.